ದಂತವೈದ್ಯಕ ಶಿಕ್ಷಣದಲ್ಲಿ ದೇಹಭಂಗಿಯ ಶಿಸ್ತು

ಅನ್ಯರ ನೋವನ್ನು ನೀಗಿಸುವ ವೃತ್ತಿಗಳಲ್ಲಿ ದಂತವೈದ್ಯಕ್ಕೆ ಒಂದು ವಿಶಿಷ್ಟ ಸ್ಥಾನವಿದೆ. ಹಲ್ಲುನೋವಿನಿಂದ ರಾತ್ರಿಯಿಡೀ ನಿದ್ರೆಗೆಟ್ಟವನು ಮರುದಿನ ದಂತವೈದ್ಯನ ಕುರ್ಚಿಯಿಂದ ಹಗುರಾದ ಮನಸ್ಸಿನಿಂದ ಎದ್ದುಹೋಗುತ್ತಾನೆ. ಆ ಕುರ್ಚಿಯ ಪಕ್ಕದಲ್ಲಿ ಅರ್ಧ ಗಂಟೆ ಬಾಗಿದ್ದವನು ಸೊಂಟದ ಮೇಲೆ ಕೈಯೂರಿ, ಕೊರಳನ್ನು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಹೊರಳಿಸಿ, ಮುಂದಿನ ರೋಗಿಯನ್ನು ಕರೆಯುವುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ನೋವು ಕುರ್ಚಿಯಿಂದ ಹೋಗಲಿಲ್ಲ. ಕುಳಿತವನಿಂದ ಬಾಗಿದವನಿಗೆ ದಾಟಿತು ಎಂದರೆ ಅತಿಶಯೋಕ್ತಿಯೇನೂ ಅಲ್ಲ.

ಇದು ಬಹುಕಾಲ ದುಡಿದು ದಣಿದ ಹಿರಿಯ ವೈದ್ಯರ ಪಾಡು ಮಾತ್ರವೆಂದು ತಿಳಿಯುವುದು ತಪ್ಪು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ದಂತವೈದ್ಯ ವಿದ್ಯಾರ್ಥಿಗಳನ್ನು ಕುರಿತು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶೇಕಡ 46ರಿಂದ 71ರಷ್ಟು ಮಂದಿ ಮೈನೋವನ್ನು ಹೇಳಿಕೊಂಡರು. ವ್ಯಾಸಂಗದ ವರ್ಷ ಏರಿದಂತೆ ಈ ಪ್ರಮಾಣವೂ ಏರಿತ್ತು. ವೃತ್ತಿನಿರತ ದಂತವೈದ್ಯರನ್ನೂ ದಂತಾರೋಗ್ಯ ಸಹಾಯಕರನ್ನೂ ಕುರಿತ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಹೊರಬಂದ ಪರಿಶೀಲನೆಯೊಂದರಲ್ಲಿ ಇಂಥ ಬೇನೆಯ ಪ್ರಮಾಣ ಶೇಕಡ 64ರಿಂದ 93ರವರೆಗೆ ಇದ್ದುದು ಕಂಡುಬಂದಿತು. ಎರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವೃತ್ತಿಯಲ್ಲಿ ಹಣ್ಣಾಗುವ ಬೇನೆಯ ಬೀಜ ವಿದ್ಯಾಲಯದಲ್ಲಿಯೇ ಬಿದ್ದಿರುತ್ತದೆ. ಇಪ್ಪತ್ತರ ಹರೆಯದ ದೇಹ ಅದನ್ನು ಸಹಿಸಿಕೊಳ್ಳುತ್ತದೆ. ನಲವತ್ತರ ದೇಹ ಲೆಕ್ಕ ಕೇಳುತ್ತದೆ.

ಕೆಲಸಕ್ಕೂ ಕಾಯಿಲೆಗೂ ಇರುವ ಈ ನಂಟು ಹೊಸದಾಗಿ ಕಂಡುಕೊಂಡದ್ದಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜ್ಜಿನಿ 1700ರಲ್ಲಿಯೇ ಕಸುಬುದಾರರ ಕಾಯಿಲೆಗಳನ್ನು ಕುರಿತು ಒಂದು ಗ್ರಂಥವನ್ನು ರಚಿಸಿದನು. ರೋಗಿಯನ್ನು ಪರೀಕ್ಷಿಸುವ ವೈದ್ಯನು ಅವನ ಕಸುಬು ಯಾವುದೆಂದು ಕೇಳಲೇಬೇಕೆಂಬುದು ಅವನ ಉಪದೇಶವಾಗಿತ್ತು. ದಿನವಿಡೀ ಕುಳಿತು ಒಂದೇ ಬಗೆಯಾಗಿ ಕೈಯಾಡಿಸುವ ಲಿಪಿಕಾರರಿಗೆ ಬರುವ ಬೇನೆಯನ್ನೂ ಅವನು ಗುರುತಿಸಿದ್ದನು. 1857ರಲ್ಲಿ ಪೋಲೆಂಡಿನ ವಿದ್ವಾಂಸ ವೊಯ್ಚೆಕ್ ಯಾಸ್ತ್ರೆಂಬೊವ್‌ಸ್ಕಿ ಈ ವಿಚಾರಕ್ಕೆ ಗ್ರೀಕ್ ಭಾಷೆಯ ಎರಡು ಪದಗಳನ್ನು ಕೂಡಿಸಿ ಒಂದು ಹೆಸರನ್ನು ಕೊಟ್ಟನು. ಅದೇ ಇಂದು ಅರ್ಗೊನಾಮಿಕ್ಸ್ ಎನಿಸಿಕೊಂಡಿದೆ. ಕೆಲಸದ ಸಾಧನ, ಸ್ಥಳ, ವೇಳೆಗಳನ್ನು ಮನುಷ್ಯನ ದೇಹಕ್ಕೆ ಹೊಂದಿಸಬೇಕೇ ಹೊರತು ದೇಹವನ್ನು ಅವುಗಳಿಗೆ ಬಗ್ಗಿಸಬಾರದು ಎಂಬುದು ಈ ಶಾಸ್ತ್ರದ ತಿರುಳು.

ಹೆಸರು ಪರದೇಶದ್ದಾದರೂ ತಿಳಿವಳಿಕೆ ಹಳ್ಳಿಗರಿಗೆ ಅಪರಿಚಿತವಲ್ಲ. ಒಕ್ಕಲಿಗನು ಎತ್ತುಗಳನ್ನು ಜೋಡಿ ಮಾಡುವಾಗ ಎತ್ತರ ನೋಡುತ್ತಾನೆ. ಹೆಗಲು ಹುಣ್ಣಾಗದಂತೆ ನೊಗವನ್ನು ನಯಗೊಳಿಸುತ್ತಾನೆ. ಇಳಕಲ್ಲಿನ ಕುಣಿಮಗ್ಗದಲ್ಲಿ ನೇಕಾರನು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ಕೈಗೆ ಎಟಕುವ ಮಟ್ಟದಲ್ಲಿ ನೂಲನ್ನಿರಿಸಿಕೊಂಡು ಕೂರುತ್ತಾನೆ. ಬಡಗಿಯು ಬಾಚಿಯ ಕಾವನ್ನು ಹಿಡಿಯುವವನ ಕೈಗೆ ತಕ್ಕಂತೆ ಕೆತ್ತುತ್ತಾನೆ. ಎತ್ತಿನ ಹೆಗಲಿಗೆ ದೊರೆಯುವ ಈ ಕಾಳಜಿ ಲಕ್ಷಾಂತರ ರೂಪಾಯಿಗಳ ಯಂತ್ರದ ಪಕ್ಕದಲ್ಲಿ ನಿಲ್ಲುವ ವಿದ್ಯಾರ್ಥಿಯ ಹೆಗಲಿಗೆ ದೊರೆಯದಿರುವುದು ವಿಚಾರಾರ್ಹವಾದ ಸಂಗತಿಯಾಗಿದೆ.

ದಂತವೈದ್ಯನ ಕಾರ್ಯಕ್ಷೇತ್ರ ಬಹು ಕಿರಿದು. ಕೆಲವೇ ಅಂಗುಲ ಅಗಲದ ಬಾಯಿ, ಅದರೊಳಗೆ ಕತ್ತಲು, ಲಾಲಾರಸ, ಅತ್ತಿತ್ತ ಹೊರಳುವ ನಾಲಿಗೆ. ಅವುಗಳ ನಡುವೆ ಮಿಲಿಮೀಟರಿನ ಲೆಕ್ಕದಲ್ಲಿ ನಡೆಯಬೇಕಾದ ಕೆಲಸ. ಕಣ್ಣು ಹಲ್ಲಿನತ್ತ ಧಾವಿಸುತ್ತದೆ. ಕಣ್ಣಿನ ಹಿಂದೆ ತಲೆ, ತಲೆಯ ಹಿಂದೆ ಬೆನ್ನು. ಪ್ರಾಯದ ಮನುಷ್ಯನ ತಲೆಯ ತೂಕ ಸುಮಾರು 5 ಕಿಲೋಗ್ರಾಂ. ತಲೆ ನೆಟ್ಟಗಿರುವಾಗ ಈ ಭಾರ ಬೆನ್ನೆಲುಬಿನ ಕಂಬದ ಮೇಲೆ ಸಮವಾಗಿ ಕೂರುತ್ತದೆ. ಮುಂದಕ್ಕೆ ಬಾಗಿದೊಡನೆ ಅದನ್ನು ಹಿಂದಿನಿಂದ ಹಿಡಿದೆಳೆಯುವ ಕೆಲಸ ಕೊರಳಿನ ಮಾಂಸಖಂಡಗಳ ಪಾಲಿಗೆ ಬರುತ್ತದೆ. ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹಂಸ್‌ರಾಜ್ ಅವರು 2014ರಲ್ಲಿ ಪ್ರಕಟಿಸಿದ ಗಣಿತದ ಲೆಕ್ಕಾಚಾರದ ಪ್ರಕಾರ, ತಲೆ 30 ಡಿಗ್ರಿ ಬಾಗಿದಾಗ ಕೊರಳಿನ ಮೇಲಣ ಹೊರೆ ಸುಮಾರು 18 ಕಿಲೋಗ್ರಾಮಿಗೂ, 60 ಡಿಗ್ರಿ ಬಾಗಿದಾಗ ಸುಮಾರು 27 ಕಿಲೋಗ್ರಾಮಿಗೂ ಏರುತ್ತದೆ. ಅರ್ಧ ಮೂಟೆ ಸಿಮೆಂಟಿಗೂ ಮಿಗಿಲಾದ ಈ ಭಾರವನ್ನು ವಿದ್ಯಾರ್ಥಿ ಹೊತ್ತಿರುವನೆಂಬುದು ನೋಡುವವರಿಗೆ ಕಾಣುವುದಿಲ್ಲ. ಅವನಿಗೂ ಆ ಹೊತ್ತಿಗೆ ತಿಳಿಯುವುದಿಲ್ಲ.

ಸೊಂಟದ ಸ್ಥಿತಿಯೂ ಭಿನ್ನವಲ್ಲ. ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆಯಂಥ ಬಿಲ್ಲೆಗಳ ಒಳಗಿನ ಒತ್ತಡವನ್ನು ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನಾಕೆಮ್‌ಸನ್ ಅವರು 1960ರ ದಶಕದಲ್ಲಿ ಸೂಜಿಯ ಮೂಲಕ ಅಳೆದು ನೋಡಿದರು. ಬೆನ್ನಿಗೆ ಆಸರೆಯಿಲ್ಲದೆ ಮುಂದಕ್ಕೆ ಬಾಗಿ ಕುಳಿತಾಗ ಈ ಒತ್ತಡ ನೆಟ್ಟಗೆ ನಿಂತಾಗಿನದಕ್ಕಿಂತ ಬಹಳ ಹೆಚ್ಚಾಗಿರುವುದು ಗೊತ್ತಾಯಿತು. ಇದರ ಜೊತೆಗೆ ಇನ್ನೊಂದು ಕಾರಣವೂ ಸೇರುತ್ತದೆ. ನಡೆಯುವಾಗ, ಅಗೆಯುವಾಗ ಮಾಂಸಖಂಡ ಬಿಗಿದು ಸಡಿಲುತ್ತದೆ. ಪ್ರತಿ ಸಡಿಲಿಕೆಯಲ್ಲಿ ರಕ್ತ ಹರಿದು ದಣಿವನ್ನು ತೊಳೆಯುತ್ತದೆ. ಅಲುಗಾಡದೆ ಒಂದೇ ಭಂಗಿಯಲ್ಲಿ ನಿಂತ ಮಾಂಸಖಂಡ ಬಿಗಿದೇ ಇರುತ್ತದೆ. ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮುತ್ತದೆ. ಹೊಲದಲ್ಲಿ ದುಡಿದವನ ದಣಿವು ರಾತ್ರಿಯ ನಿದ್ರೆಗೆ ಬಹುಮಟ್ಟಿಗೆ ಇಳಿಯುತ್ತದೆ. ಅಲುಗಾಡದೆ ದುಡಿದವನ ದಣಿವು ದಿನದಿಂದ ದಿನಕ್ಕೆ ಶೇಷವನ್ನುಳಿಸುತ್ತ ಹೋಗುತ್ತದೆ.

ದಂತವೈದ್ಯಕದ ಚರಿತ್ರೆಯನ್ನು ನೋಡಿದರೆ ಸುಧಾರಣೆಗಳೆಲ್ಲ ಮೊದಲು ರೋಗಿಗಾಗಿ, ಆಮೇಲೆ ಯಂತ್ರಕ್ಕಾಗಿ, ಕಟ್ಟಕಡೆಗೆ ವೈದ್ಯನಿಗಾಗಿ ಬಂದುದು ಕಾಣುತ್ತದೆ. ಹಿಂದಕ್ಕೆ ಒರಗುವ ದಂತಕುರ್ಚಿಯನ್ನು ಜೇಮ್ಸ್ ಸ್ನೆಲ್ 1832ರಲ್ಲಿ ರಚಿಸಿದನು. ಕಾಲಿನಿಂದ ತುಳಿಯುವ ಕೊರೆಯಂತ್ರಕ್ಕೆ ಅಮೆರಿಕದ ಮಾರಿಸನ್ 1871ರಲ್ಲಿ ಹಕ್ಕುಪತ್ರ ಪಡೆದನು. ಒಂದು ಕಾಲಿನ ಮೇಲೆ ನಿಂತು ಇನ್ನೊಂದು ಕಾಲಿನಿಂದ ತುಳಿಯುತ್ತಲೇ ಹಲ್ಲು ಕೊರೆಯುವುದು ಆ ಕಾಲದ ವೈದ್ಯನ ಪಾಡಾಗಿತ್ತು. 1957ರಲ್ಲಿ ಜಾನ್ ಬೋರ್ಡನ್ ಗಾಳಿಯ ಬಲದಿಂದ ನಿಮಿಷಕ್ಕೆ ಸುಮಾರು 3 ಲಕ್ಷ ಸುತ್ತು ತಿರುಗುವ ಏರೋಟರ್ ಸಾಧನವನ್ನು ತಂದನು. ಮರುವರ್ಷ, 1958ರಲ್ಲಿ, ರೋಗಿಯನ್ನು ಪೂರ್ತಿಯಾಗಿ ಮಲಗಿಸಬಲ್ಲ ಕುರ್ಚಿ ಬಳಕೆಗೆ ಬಂದಿತು. ಆಗಲೇ ವೈದ್ಯನಿಗೆ ಕುಳಿತು ಕೆಲಸ ಮಾಡುವ ಅವಕಾಶ ನಿಜವಾಗಿ ಒದಗಿತು. ಸಹಾಯಕಿಯೊಬ್ಬಳು ಪಕ್ಕದಲ್ಲಿದ್ದು ಸಾಧನಗಳನ್ನು ಕೈಗೆ ಕೊಡುವ, ‘ನಾಲ್ಕು ಕೈಗಳ’ ಪದ್ಧತಿ 1960ರ ದಶಕದಲ್ಲಿ ಹರಡಿತು.

ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ಸ್ಥಾಪನೆಯಾದದ್ದೂ ಅದೇ 1958ರಲ್ಲಿ ಎಂಬುದು ಗಮನಾರ್ಹ. ಅನಂತರ ದಾವಣಗೆರೆಯಲ್ಲಿ 1979ರಲ್ಲಿ ಬಾಪೂಜಿ ದಂತವೈದ್ಯ ಕಾಲೇಜು, ಮೈಸೂರಿನಲ್ಲಿ 1986ರಲ್ಲಿ ಜೆ.ಎಸ್.ಎಸ್. ದಂತವೈದ್ಯ ಕಾಲೇಜು ಹುಟ್ಟಿದವು. ಬೆಳಗಾವಿ, ಧಾರವಾಡ, ಮಂಗಳೂರುಗಳಲ್ಲಿಯೂ ವಿದ್ಯಾಲಯಗಳು ತಲೆಯೆತ್ತಿದವು. ಇವುಗಳ ಫಲವಾಗಿ ಹಲ್ಲು ಕೀಳಿಸಲು ಸಂತೆಯ ಬಳಿಯ ನಾಟಿ ವೈದ್ಯನನ್ನು ನೆಚ್ಚಬೇಕಾಗಿದ್ದ ಹಳ್ಳಿಗರಿಗೆ ತಾಲ್ಲೂಕು ಕೇಂದ್ರದಲ್ಲಿಯೇ ಶಿಕ್ಷಿತ ವೈದ್ಯರು ದೊರೆಯುವಂತಾಯಿತು. ಮಠಗಳ ಶಾಲೆಗಳಲ್ಲಿ ಓದಿ, ಪ್ರಸಾದನಿಲಯಗಳಲ್ಲಿ ಉಂಡು ಬೆಳೆದ ಎಷ್ಟೋ ಮಕ್ಕಳು ಈ ವೃತ್ತಿಯನ್ನು ಹಿಡಿದಿದ್ದಾರೆ. ಆದುದರಿಂದ ಅವರ ಬೆನ್ನು ಕೊರಳುಗಳ ಪ್ರಶ್ನೆ ವೈದ್ಯಕ ವಲಯಕ್ಕೆ ಸೀಮಿತವಾದ ಪ್ರಶ್ನೆಯಲ್ಲ. ಅವರನ್ನು ಓದಿಸಿದ ಶಾಲೆಗಳದೂ, ಸಾಲ ಮಾಡಿ ಶುಲ್ಕ ಕಟ್ಟಿದ ತಾಯಿತಂದೆಗಳದೂ ಆಗಿದೆ. ಮೂವತ್ತು ವರ್ಷ ದುಡಿಯಬೇಕಾದ ಕೈ ಹದಿನೈದು ವರ್ಷಕ್ಕೇ ಸೋತರೆ ನಷ್ಟ ಒಂದು ಮನೆಯದಷ್ಟೇ ಅಲ್ಲ, ಒಂದು ಊರಿನದು.

ದಂತವೈದ್ಯ ಪದವಿಯ ಶಿಕ್ಷಣ 4 ವರ್ಷಗಳ ವ್ಯಾಸಂಗ, 1 ವರ್ಷದ ಇಂಟರ್ನ್‌ಶಿಪ್ ಎಂದು ಒಟ್ಟು 5 ವರ್ಷಗಳದು. ಮೊದಲ ವರ್ಷ ವಿದ್ಯಾರ್ಥಿಯು ಮೇಣದ ಕಟ್ಟಿಯಲ್ಲಿ ಹಲ್ಲಿನ ಆಕಾರವನ್ನು ಕೆತ್ತಲು ಕಲಿಯುತ್ತಾನೆ. ಗಂಟೆಗಟ್ಟಲೆ ಮೇಜಿನ ಮೇಲೆ ತಲೆತಗ್ಗಿಸಿ, ಮೇಣವನ್ನು ಎದೆಯ ಹತ್ತಿರ ಹಿಡಿದು ಕೆತ್ತುವ ಆ ಭಂಗಿಯೇ ಬಾಗುವಿಕೆಯ ಮೊದಲ ಪಾಠ. ಮುಂದೆ ಕೃತಕ ತಲೆಬುರುಡೆಯಲ್ಲಿ ಕೂರಿಸಿದ ಕೃತಕ ಹಲ್ಲುಗಳನ್ನು ಕೊರೆಯುವ ಅಭ್ಯಾಸ. ಆ ಬುರುಡೆಗೆ ನೋವಿಲ್ಲ, ಆಯಾಸವಿಲ್ಲ. ಅದನ್ನು ಹೇಗೆ ತಿರುಗಿಸಿದರೂ ಗೊಣಗುವುದಿಲ್ಲ. ಸರಿಯಾಗಿ ಕೂರುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಮತ್ತೆ ಬಾರದು. ಆದರೆ ಅಲ್ಲಿ ಗುರುವಿನ ದೃಷ್ಟಿ ಕೊರೆದ ಗುಳಿಯ ಆಳ ಅಗಲಗಳ ಮೇಲಿರುತ್ತದೆ, ಕೊರೆಯುವವನ ಕೊರಳಿನ ಮೇಲಲ್ಲ. ಮೂರನೆಯ ವರ್ಷದಿಂದ ನಿಜವಾದ ರೋಗಿಗಳು ಬರುತ್ತಾರೆ. ಇಷ್ಟು ಹಲ್ಲು ಕೀಳಬೇಕು, ಇಷ್ಟು ಬಾಯಿ ಶುಚಿಮಾಡಬೇಕು, ಇಷ್ಟು ದಂತಪಂಕ್ತಿ ಕಟ್ಟಬೇಕೆಂಬ ಲೆಕ್ಕದ ಒತ್ತಡ ಬೀಳುತ್ತದೆ. ಆ ಅವಸರದಲ್ಲಿ ಕುರ್ಚಿಯ ಎತ್ತರವನ್ನು ಸರಿಪಡಿಸುವ ಅರ್ಧ ನಿಮಿಷವೂ ದುಬಾರಿಯೆನಿಸುತ್ತದೆ.

ಹಲ್ಲು ಕೀಳುವುದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೆಳದವಡೆಯ ಹಲ್ಲನ್ನು ಕೀಳುವಾಗ ರೋಗಿಯ ಬಾಯಿ ವೈದ್ಯನ ಮೊಳಕೈಗಿಂತ ಸ್ವಲ್ಪ ಕೆಳಗಿರಬೇಕು. ಮೇಲ್ದವಡೆಯದಾದರೆ ಮೊಳಕೈಗೂ ಭುಜಕ್ಕೂ ನಡುವಿನ ಮಟ್ಟದಲ್ಲಿರಬೇಕು. ಬಲಗೈಯವನು ಕೆಳದವಡೆಯ ಬಲಭಾಗದ ದವಡೆಹಲ್ಲನ್ನು ಕೀಳಬೇಕಾದರೆ ರೋಗಿಯ ಹಿಂದೆ ನಿಲ್ಲಬೇಕು. ಇದೆಲ್ಲ ಪಠ್ಯಗ್ರಂಥಗಳಲ್ಲಿ ಇದೆ. ಪರೀಕ್ಷೆಯಲ್ಲಿ ಕೇಳಿದರೆ ವಿದ್ಯಾರ್ಥಿ ತಪ್ಪಿಲ್ಲದೆ ಬರೆಯುತ್ತಾನೆ. ಬರೆದದ್ದನ್ನು ಕುರ್ಚಿಯ ಪಕ್ಕದಲ್ಲಿ ಮಾಡಿದನೇ ಎಂದು ನೋಡುವವರು ಮಾತ್ರ ವಿರಳ. ಗುಳಿ ತುಂಬಿದ್ದಕ್ಕೆ ಅಂಕವಿದೆ, ಹಲ್ಲು ಮುರಿಯದೆ ಕಿತ್ತದ್ದಕ್ಕೆ ಅಂಕವಿದೆ. ಬೆನ್ನನ್ನು ಕಾಪಾಡಿಕೊಂಡದ್ದಕ್ಕೆ ಅಂಕವಿಲ್ಲ. ಅಂಕವಿಲ್ಲದ ವಿದ್ಯೆಯನ್ನು ಅವಸರದ ವಿದ್ಯಾರ್ಥಿ ಕಲಿಯುವುದಿಲ್ಲ.

ಹೀಗೆಂದ ಮಾತ್ರಕ್ಕೆ ತಪ್ಪೆಲ್ಲ ವಿದ್ಯಾರ್ಥಿಯದೆಂದು ತೀರ್ಪು ಕೊಡುವುದು ನ್ಯಾಯವಲ್ಲ. ‘ನೆಟ್ಟಗೆ ಕುಳಿತುಕೊ’ ಎಂದು ಗದರಿಸುವುದು ಸುಲಭ. ನೆಟ್ಟಗೆ ಕೂರಲು ಬರುವಂಥ ಪೀಠ ಕೊಡುವುದು ಕಷ್ಟ. ಎತ್ತರ ಕಡಮೆಯಿರುವ ವಿದ್ಯಾರ್ಥಿನಿಗೆ ಪೀಠವನ್ನು ಪೂರ್ತಿ ಇಳಿಸಿದರೂ ಪಾದ ನೆಲಕ್ಕೆ ಊರದಿದ್ದರೆ ಅವಳು ಪೀಠದ ಅಂಚಿಗೆ ಜರುಗುತ್ತಾಳೆ. ಬೆನ್ನಿನ ಆಸರೆ ಹಿಂದೆಯೇ ಉಳಿಯುತ್ತದೆ. ಎಡಗೈಯವನ ಪಾಡು ಇನ್ನೂ ಹೆಚ್ಚಿನದು. ಸಾಧನಗಳ ತಟ್ಟೆ, ನೀರಿನ ನಳಿಕೆ, ಉಗುಳುವ ಬೋಗುಣಿ ಎಲ್ಲವೂ ಬಲಗೈಯವನಿಗೆಂದು ಜೋಡಿಸಿದ ಕುರ್ಚಿಯಲ್ಲಿ ಅವನು ದೇಹವನ್ನು ತಿರುಚಿಕೊಂಡೇ ಕೆಲಸ ಮಾಡಬೇಕಾಗುತ್ತದೆ. ನಾಲ್ಕು ಕೈಗಳ ಪದ್ಧತಿಯನ್ನು ಪುಸ್ತಕದಲ್ಲಿ ಓದುವ ವಿದ್ಯಾರ್ಥಿಗೆ ಎಷ್ಟೋ ಕಡೆ ಸಹಾಯಕ್ಕೆ ಯಾರೂ ಇರುವುದಿಲ್ಲ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಕೊರೆಯಂತ್ರ, ಲಾಲಾರಸವನ್ನು ಹೀರುವ ನಳಿಕೆಗೆ ಮೂರನೆಯ ಕೈಯಿಲ್ಲ. ಇನ್ನು ಹಳ್ಳಿಗಳ ದಂತತಪಾಸಣಾ ಶಿಬಿರಗಳಲ್ಲಿ ಶಾಲೆಯ ಮರದ ಕುರ್ಚಿಯಲ್ಲಿ ಕುಳಿತ ಮಗುವಿನ ಬಾಯಿಯನ್ನು ನೋಡಲು ವಿದ್ಯಾರ್ಥಿ ನಡುಬಗ್ಗಿಸಿ ನಿಲ್ಲುತ್ತಾನೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಮಕ್ಕಳ ಸಾಲು ಕರಗುವುದಿಲ್ಲ. ಸೇವೆ ಸ್ತುತ್ಯವೇ ಸರಿ. ಆದರೆ ಕುರ್ಚಿಯನ್ನು ಒಂದು ಅಡಿ ಎತ್ತರದ ಹಲಗೆಯ ಮೇಲೆ ಇಟ್ಟಿದ್ದರೆ ಆ ಸೇವೆಗೆ ಬೆನ್ನುನೋವಿನ ದಕ್ಷಿಣೆ ತೆರಬೇಕಾಗಿರಲಿಲ್ಲ.

ಈ ವಿಚಾರಕ್ಕೆ ಎದುರಾಗಿ ಕೆಲವು ಆಕ್ಷೇಪಗಳು ಬರುವುದು ಸಹಜ. ಹಿಂದಿನವರು ದಿನವಿಡೀ ನಿಂತೇ ಕೆಲಸ ಮಾಡಿ ಹೆಸರು ಗಳಿಸಲಿಲ್ಲವೇ ಎಂಬುದು ಮೊದಲನೆಯದು. ಗಳಿಸಿದರು, ನಿಜ. ಆದರೆ ಹೆಸರು ಗಳಿಸಿ ಉಳಿದವರನ್ನು ಮಾತ್ರ ಲೋಕ ನೋಡುತ್ತದೆ. ನೋವಿಗೆ ಸೋತು ಕೆಲಸವನ್ನು ಕಡಮೆ ಮಾಡಿಕೊಂಡವರು ಕಣ್ಣಿಗೆ ಬೀಳುವುದಿಲ್ಲ. ನಿಂತವರಿಗೆ ಇದ್ದ ಬೇನೆ ಕುಳಿತವರಿಗೆ ಇಲ್ಲವೆಂದೂ ಹೇಳುವಂತಿಲ್ಲ. ಕುಳಿತೋ ನಿಂತೋ ಎಂಬುದಕ್ಕಿಂತ ಎಷ್ಟು ಹೊತ್ತು, ಎಷ್ಟು ಬಾಗಿ, ಎಷ್ಟು ಅಲುಗಾಡದೆ ಎಂಬುದೇ ಮುಖ್ಯ. ಯೋಗಾಸನ ವ್ಯಾಯಾಮಗಳಿಂದ ಇದೆಲ್ಲ ಪರಿಹಾರವಾಗುತ್ತದೆಂಬುದು ಎರಡನೆಯ ಮಾತು. ವ್ಯಾಯಾಮ ದೇಹಕ್ಕೆ ಬಲ ಕೊಡುತ್ತದೆ, ಅದು ಬೇಕೇ ಬೇಕು. ಆದರೆ ಮುಂಜಾನೆಯ ಅರ್ಧ ಗಂಟೆಯ ಆಸನ ಹಗಲಿನ ಆರು ಗಂಟೆಗಳ ದುರಾಸನವನ್ನು ಅಳಿಸಲಾರದು. ಹಣವೆಲ್ಲಿದೆ ಎಂಬುದು ಮೂರನೆಯದು. ಇದಕ್ಕೆ ಉತ್ತರ ಸ್ವಲ್ಪ ವಿವರವಾಗಿಯೇ ಬೇಕು.

ಅತ್ಯಂತ ಫಲಕಾರಿಯಾದ ಕ್ರಮಗಳಲ್ಲಿ ಹೆಚ್ಚಿನವು ಹಣ ಕೇಳುವುದಿಲ್ಲ. ಕೆಲಸಕ್ಕೆ ಮೊದಲು ತನ್ನ ಪೀಠವನ್ನು ತೊಡೆಗಳು ಮುಂದಕ್ಕೆ ತುಸು ಇಳಿಜಾರಾಗುವಷ್ಟು ಏರಿಸಿ, ಪಾದಗಳನ್ನು ನೆಲಕ್ಕೆ ಊರುವುದು. ಅನಂತರ ರೋಗಿಯ ಕುರ್ಚಿಯನ್ನು ಬಾಯಿ ತನ್ನ ಮೊಳಕೈ ಮಟ್ಟಕ್ಕೆ ಬರುವಂತೆ ಹೊಂದಿಸುವುದು. ಮೇಲ್ದವಡೆಯ ಕೆಲಸಕ್ಕೆ ರೋಗಿಯನ್ನು ಪೂರ್ತಿ ಮಲಗಿಸುವುದು. ಕಾಣದ ಹಲ್ಲಿಗಾಗಿ ಕೊರಳು ತಿರುಚುವ ಬದಲು ರೋಗಿಯ ತಲೆಯನ್ನು ತಿರುಗಿಸುವುದು, ಇಲ್ಲವೇ ಕನ್ನಡಿಯಲ್ಲಿ ನೋಡಿ ಕೆಲಸ ಮಾಡುವುದು. ಕಣ್ಣಿಗೂ ಹಲ್ಲಿಗೂ 35ರಿಂದ 40 ಸೆಂಟಿಮೀಟರ್ ಅಂತರವಿದ್ದರೆ ಸಾಕು. ತಲೆಯ ಬಾಗು 25 ಡಿಗ್ರಿಯನ್ನು ಮೀರದಿರುವುದು ಲೇಸು. ಕನ್ನಡಿಯಲ್ಲಿ ಎಲ್ಲವೂ ತಿರುವುಮುರುವಾಗಿ ಕಾಣುವುದರಿಂದ ಈ ಅಭ್ಯಾಸ ಮೊದಮೊದಲು ಪೀಡಿಸುತ್ತದೆ. ಅದಕ್ಕೆಂದೇ ಅದನ್ನು ರೋಗಿ ಬರುವ ಮೊದಲೇ, ಕೃತಕ ಬುರುಡೆಯಲ್ಲಿಯೇ, ಕಡ್ಡಾಯವಾಗಿ ಕಲಿಸಬೇಕು. ಒಬ್ಬ ರೋಗಿ ಎದ್ದು ಇನ್ನೊಬ್ಬ ಕೂರುವುದರೊಳಗೆ ಎದ್ದು ನಿಂತು ಕೈಕಾಲು ಸಡಿಲಿಸುವುದಕ್ಕೂ ಹಣ ಬೇಕಿಲ್ಲ.

ಹಣ ಬೇಕಾದ ಕಡೆಯೂ ಅದು ಅಪಾರವೇನಲ್ಲ. ಹಿಡಿ ಸಣ್ಣದಾದಷ್ಟೂ ಬೆರಳು ಬಿಗಿಯಾಗಿ ಅದುಮಬೇಕಾಗುತ್ತದೆ. ಹಲ್ಲಿನ ಪಾಚಿ ಕೆರೆಯುವ ಸಾಧನದ ಹಿಡಿ 10 ಮಿಲಿಮೀಟರ್ ದಪ್ಪವಾಗಿದ್ದು ಹಗುರವಾಗಿದ್ದರೆ ಕೈಯ ಮಾಂಸಖಂಡಗಳ ಹೊರೆ ಇಳಿಯುವುದೆಂದು 2006ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಹೊಸ ಸಾಧನಗಳನ್ನು ಕೊಳ್ಳುವಾಗ ಈ ಒಂದು ಅಂಶವನ್ನು ನೋಡಿದರೆ ಸಾಕು. ಕಣ್ಣಿಗೆ ಧರಿಸುವ ಹಿಗ್ಗಿಸುವ ಕನ್ನಡಕ, ಅಂದರೆ ಲೂಪ್, ಇಂದು ವಿದ್ಯಾರ್ಥಿಗಳಲ್ಲಿಯೂ ಬಳಕೆಗೆ ಬರುತ್ತಿದೆ. ಆದರೆ ಅದರ ದೃಷ್ಟಿಕೋನ ಧರಿಸುವವನ ಅಳತೆಗೆ ಹೊಂದದಿದ್ದರೆ ಕೊರಳನ್ನು ಕಾಯುವ ಬದಲು ಇನ್ನಷ್ಟು ಬಗ್ಗಿಸುತ್ತದೆ. ಅಗ್ಗದ್ದೆಂದು ಕೊಂಡು ಕೊರಳಿಗೆ ಕುತ್ತು ತಂದುಕೊಳ್ಳುವುದು ಉಳಿತಾಯವಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷೆಯ ಸುಧಾರಣೆ. ದೇಹಭಂಗಿಯನ್ನು ಅಳೆಯುವ ವಿಧಾನಗಳು ಇಂದು ಸಿದ್ಧವಾಗಿವೆ. ಇಂಗ್ಲೆಂಡಿನಲ್ಲಿ ಮೆಕಾಟಮ್ನಿ ಮತ್ತು ಕಾರ್ಲೆಟ್ ಎಂಬಿಬ್ಬರು ರೂಪಿಸಿ 1993ರಲ್ಲಿ ಪ್ರಕಟಿಸಿದ ‘ರೂಲಾ’ ಎಂಬ ಪಟ್ಟಿಯಲ್ಲಿ ಕೈ, ಕೊರಳು, ಬೆನ್ನುಗಳ ಸ್ಥಿತಿಯನ್ನು ನೋಡಿ 1ರಿಂದ 7ರವರೆಗೆ ಎಣಿಕೆ ಕೊಡಲಾಗುತ್ತದೆ. 1 ಅಥವಾ 2 ಬಂದರೆ ಭಂಗಿ ಸರಿ. 7 ಬಂದರೆ ಕೂಡಲೇ ಬದಲಾಯಿಸಬೇಕು. ಕಾಗದ, ಪೆನ್ಸಿಲು, ನೋಡುವ ಕಣ್ಣು ಇದ್ದರೆ ಸಾಕು. ಪ್ರತಿಯೊಂದು ಪ್ರಾಯೋಗಿಕ ಪರೀಕ್ಷೆಯಲ್ಲಿಯೂ ಕೆಲವು ಅಂಕಗಳನ್ನು ಇದಕ್ಕೆಂದು ಮೀಸಲಿಡುವುದು ಯೋಗ್ಯ. ಅಂಕ ಬಂದ ದಿನ ವಿದ್ಯಾರ್ಥಿ ಬೆನ್ನನ್ನು ನೆನೆಯುತ್ತಾನೆ. ಬೋಧಕನೂ ತನ್ನ ಬೆನ್ನನ್ನು ನೆನೆಯಬೇಕಾಗುತ್ತದೆ. ಏಕೆಂದರೆ ಶಿಷ್ಯನು ಗುರುವಿನ ಮಾತಿಗಿಂತ ಗುರು ನಿಲ್ಲುವ ರೀತಿಯನ್ನು ಬೇಗ ಕಲಿಯುತ್ತಾನೆ.

ಈ ಹೊಣೆ ದಂತವೈದ್ಯ ಕಾಲೇಜಿನ ಬಾಗಿಲಿನಲ್ಲಿಯೇ ಆರಂಭವಾಗುತ್ತದೆಂದು ಶಾಲೆಗಳು ಕೈತೊಳೆದುಕೊಳ್ಳುವಂತಿಲ್ಲ. ಹದಿನೆಂಟರ ಹರೆಯದಲ್ಲಿ ಕಾಲೇಜು ಸೇರುವವನು ಅದಕ್ಕೆ ಮುಂಚೆ ಹನ್ನೆರಡು ವರ್ಷ ಶಾಲಾ ಕಾಲೇಜುಗಳ ಬೆಂಚಿನ ಮೇಲೆ ಕುಳಿತು ಬಂದಿರುತ್ತಾನೆ. ಐದನೆಯ ತರಗತಿಯ ಮಗುವಿಗೂ ಹತ್ತನೆಯ ತರಗತಿಯ ಹುಡುಗನಿಗೂ ಒಂದೇ ಅಳತೆಯ ಬೆಂಚು ಹಾಕಿದರೆ ಒಬ್ಬರ ಕಾಲು ತೂಗಾಡುತ್ತದೆ, ಇನ್ನೊಬ್ಬರ ಬೆನ್ನು ಗೂನಾಗುತ್ತದೆ. ಪುಸ್ತಕದ ಮೇಲೆ ಮೂಗೂರಿ ಬರೆಯುವ ಮಗುವಿಗೆ ಕೈಬರಹದ ಅಂದವನ್ನು ತಿದ್ದುವ ಉಪಾಧ್ಯಾಯರು ಅದರ ಕೊರಳನ್ನೂ ಒಮ್ಮೆ ತಿದ್ದಿದರೆ, ಮುಂದೆ ದಂತವೈದ್ಯನಾಗುವವನಿಗಷ್ಟೇ ಅಲ್ಲ, ಗುಮಾಸ್ತನಾಗುವವನಿಗೂ, ಹೊಲಿಗೆಯವಳಾಗುವವಳಿಗೂ, ಗಣಕಯಂತ್ರದ ಮುಂದೆ ಕೂರುವವನಿಗೂ ಉಪಕಾರವಾದೀತು.

ದಾನಿಗಳು ಕಟ್ಟಡಕ್ಕೆ ಕೊಡುತ್ತಾರೆ, ಸಭಾಂಗಣಕ್ಕೆ ಕೊಡುತ್ತಾರೆ. ಗೋಡೆಯ ಮೇಲಿನ ಅಮೃತಶಿಲೆಯಲ್ಲಿ ಅವರ ಹೆಸರು ಉಳಿಯುತ್ತದೆ. ಅದು ಸರಿಯಾದದ್ದೇ. ಅದರ ಜೊತೆಗೆ ಮಕ್ಕಳ ಎತ್ತರಕ್ಕೆ ತಕ್ಕ ಎರಡು ಅಳತೆಯ ಬೆಂಚುಗಳು, ತಪಾಸಣಾ ಶಿಬಿರಕ್ಕೆಂದು ಏರಿಸಿ ಇಳಿಸಬಹುದಾದ ಒಂದೆರಡು ಕುರ್ಚಿಗಳು ದಾನದ ಪಟ್ಟಿಗೆ ಸೇರಲಿ. ಹಳೆಯ ವಿದ್ಯಾರ್ಥಿಗಳಲ್ಲಿ ದಂತವೈದ್ಯರಾಗಿರುವವರು ವರ್ಷಕ್ಕೊಮ್ಮೆ ಶಾಲೆಗೆ ಬಂದು ಮಕ್ಕಳ ಹಲ್ಲು ನೋಡುವಾಗ, ತಮ್ಮ ನೋವಿನ ಅನುಭವವನ್ನು ಮುಚ್ಚಿಡದೆ ಕಿರಿಯರ ಮುಂದೆ ಬಿಚ್ಚಿಡಲಿ. ನೋವನ್ನು ನುಂಗಿಕೊಳ್ಳುವುದು ಸಹನೆಯ ಲಕ್ಷಣವೆಂಬ ಭಾವನೆ ಈ ವೃತ್ತಿಯಲ್ಲಿ ಬಹುಕಾಲ ಬೇರೂರಿದೆ. ತಪ್ಪಿಸಬಹುದಾದ ನೋವನ್ನು ಸಹಿಸುವುದು ಸಹನೆಯಲ್ಲ, ಅಲಕ್ಷ್ಯ.

ರೋಗಿಯ ಹಲ್ಲಿನಷ್ಟೇ ವೈದ್ಯನ ಬೆನ್ನೂ ಬೆಲೆಯುಳ್ಳದ್ದು. ಹಲ್ಲು ಹೋದರೆ ಕಟ್ಟಿಸಿಕೊಳ್ಳಬಹುದು. ಅದನ್ನು ಕಟ್ಟಿಕೊಡುವವನ ಬೆನ್ನು ಹೋದರೆ ಕಟ್ಟಿಕೊಡುವವರು ಯಾರೂ ಇಲ್ಲ. ಈ ಸರಳ ಸತ್ಯವನ್ನು ಮೊದಲ ವರ್ಷದ ಮೊದಲ ಪಾಠವನ್ನಾಗಿ ಮಾಡಿದ ವಿದ್ಯಾಲಯ ತನ್ನ ವಿದ್ಯಾರ್ಥಿಗಳಿಗೆ ಪದವಿಯ ಜೊತೆಗೆ, ಆ ಪದವಿಯನ್ನು ಬಹುಕಾಲ ಬಳಸುವ ಶಕ್ತಿಯನ್ನೂ ಕೊಟ್ಟಂತಾಗುತ್ತದೆ.